ಜಯಕರ್ ಅವರನ್ನು ಬಸ್ಸು ಹತ್ತಿಸಿದ ವಿದೇಶ ಪ್ರವಾಸ

ಹಲಸೂರು

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ವಿದೇಶಕ್ಕೆ ಹೋದದ್ದು ಆಟೋದಲ್ಲಿ, ಹಲಸೂರು ಕೆರೆಯ ಹತ್ತಿರದ ನಮ್ಮ ಮನೆಯಿಂದ ಶಿವಾಜಿನಗರಕ್ಕೆ. ದಾರಿಯುದ್ದಕ್ಕೂ ಕಂಡದ್ದು ಮುಂದಿದ್ದ ಆಟೋದ ಬೆನ್ನು. ಅದರ ಮೇಲೆ ‘ತಾಯಿಯ ಆಶೀರ್ವಾದ’ ಎಂದು ಬರೆದಿತ್ತು. ಯಾವ ತಾಯಿ ಎಂದು ಆಗ ನಾನು ಯೋಚಿಸಲಿಲ್ಲ.

ಇಷ್ಟು ಹತ್ತಿರದ ಊರಿಗೆ ವಿದೇಶ ಅನ್ನುತ್ತಾರೆಯೇ ಎಂದು ನಗುವವರು ಪ್ರಾಟೆಸ್ಟಂಟ್ ಮನೆಯಲ್ಲಿ ಹುಟ್ಟಿರಲಾರರು. ನಾನು ಹುಟ್ಟಿದ್ದು ಅಂಥ ಮನೆಯಲ್ಲಿ, ಸೊಸೆಯಾಗಿ ಹೋದದ್ದು ಇನ್ನೂ ಗಟ್ಟಿಯಾದ ಅಂಥದೇ ಮನೆಗೆ. ಕ್ಯಾಥೋಲಿಕರ ದೇಶ ನಮಗೆ ಎರಡು ಬೀದಿಯಾಚೆಗೇ ಇತ್ತು, ಆದರೆ ಅಲ್ಲಿಗೆ ಹೋಗುವ ಕೆಲಸವಿರಲಿಲ್ಲ. ಅವರಿಗೆ ಯೇಸುವಿನ ತಾಯಿ ಮಾತೆ, ಸಂತರು, ಮೇಣದಬತ್ತಿ. ನಮಗೆ ಬೈಬಲು, ಕೀರ್ತನೆ, ಕಮಿಟಿ. ಯೇಸು ಇಬ್ಬರಿಗೂ ಒಬ್ಬನೇ ಎಂಬುದನ್ನು ಕ್ರಿಸ್ಮಸ್ ವಾರದಲ್ಲಿ ಕೇಕಿನ ಡಬ್ಬಿಗಳು ಅದಲುಬದಲಾಗುವ ತನಕ ಒಪ್ಪಿಕೊಳ್ಳುತ್ತಿದ್ದೆವು. ಡಬ್ಬಿ ತೊಳೆದು ವಾಪಸು ಕೊಟ್ಟ ಮೇಲೆ ಮತ್ತೆ ಅವರವರ ದಾರಿ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ನೈಲ್ ನದಿ ಎಲ್ಲಿ ಹುಟ್ಟುತ್ತದೆ, ಪೋರ್ಚುಗಲ್ಲಿನ ರಾಜಧಾನಿ ಯಾವುದು ಎಂದು ಇಂದಿರಾನಗರದ ಅರ್ಧ ಮಕ್ಕಳಿಗೆ ಕೋಲು ಹಿಡಿದು ಹೇಳಿಕೊಟ್ಟಿದ್ದೇನೆ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಮಾಡಿಸೋಣ ಎಂದಾಗಲೆಲ್ಲ ನನ್ನ ಗಂಡ ಜಯಕರ್, “ಹೋಗಿ ಏನ್ ನೋಡ್ತೀಯಾ? ಎಲ್ಲಾ ನಕ್ಷೇಲಿ ಇದೆಯಲ್ಲ” ಎನ್ನುತ್ತಿದ್ದರು. ಟೆಲಿಫೋನ್ ಇಲಾಖೆಯ ನೌಕರಿ, ಭಾನುವಾರ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ, ಅದು ಬಿಟ್ಟರೆ ಕ್ಯಾಥೋಲಿಕರನ್ನು ಬೈಯುವುದು, ಇವಿಷ್ಟು ಅವರ ಜೀವನ. ಅವರ ಬಾಯಲ್ಲಿ ಇಡೀ ಕ್ಯಾಥೋಲಿಕ್ ಧರ್ಮದ ಹೆಸರು ‘ಮೇಣದಬತ್ತಿ ಕಂಪನಿ’.

ಅಂಥವರಿಗಾಗಿಯೇ ನಾನು ಈ ಪ್ರವಾಸ ಹೊರಟೆ. ಅವರು ತೀರಿಕೊಂಡು ಆಗ ಒಂದು ವರ್ಷ ಕಳೆದಿತ್ತು.

ಶಿವಾಜಿನಗರ ಬಸ್ ನಿಲ್ದಾಣ (ಕನಸಿನಲ್ಲಿ)

ಗಂಡ ಹೋದ ಮೇಲೆ ನಮ್ಮ ಸಭೆ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು. ಅಂತ್ಯಕ್ರಿಯೆಗೆ ಎಲ್ಲರೂ ಬಂದರು, ನಾಲ್ಕು ಸ್ವರದಲ್ಲಿ ಹಾಡಿದರು, ವಾರಗಟ್ಟಲೆ ಊಟ ಕಳಿಸಿದರು. ಆಮೇಲೆ ಅವರ ಹೆಸರು ಎತ್ತುವುದನ್ನು ನಿಲ್ಲಿಸಿದರು. ಇದು ಮರೆವಲ್ಲ, ಸಿದ್ಧಾಂತ. ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡುವುದಿಲ್ಲ. ಹೋದವರು ಕರ್ತನ ಬಳಿ ಹೋದರು, ಫೈಲು ಮುಗಿಯಿತು. ಉಳಿದವರ ಸಮಾಧಾನಕ್ಕೆ ಬೇಕಾದಷ್ಟು ಉದ್ದ ಪ್ರಾರ್ಥಿಸಬಹುದು. ಹೋದವರ ಹೆಸರು ಹಿಡಿದು ದೇವರನ್ನು ಏನಾದರೂ ಕೇಳಿದರೆ ಪಕ್ಕದ ಬೆಂಚಿನವರು ಕಣ್ಣು ತೆರೆದು ನೋಡುತ್ತಾರೆ.

ಜಯಕರ್ ಕನಸಿನಲ್ಲಿ ಬರತೊಡಗಿದ್ದು ಆ ಮೇಲೆಯೇ. ಬರುತ್ತಿದ್ದದ್ದು ಮಧ್ಯಾಹ್ನ, ಊಟವಾಗಿ ನಾನು ಕಣ್ಣು ಮುಚ್ಚಿದಾಗ. ಬದುಕಿದ್ದಾಗಲೂ ಅವರು ಮನೆಗೆ ಬರುತ್ತಿದ್ದ ಹೊತ್ತು ಅದು. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಭಾನುವಾರದ ಕಂದು ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ಛತ್ರಿ, ಕಂಕುಳಲ್ಲಿ ಬೈಬಲು, ಹಾಗೆ ನಿಂತಿರುತ್ತಿದ್ದರು. ಬಸ್ಸುಗಳು ಬರುತ್ತಿದ್ದವು. ಪ್ರತಿ ಬಸ್ಸಿನ ಕಂಡಕ್ಟರನ ಹತ್ತಿರ ಹೋಗಿ ಅವರು ಏನೋ ಕೇಳುವುದು, ಅವನು ಇಲ್ಲ ಎಂದು ತಲೆಯಾಡಿಸುವುದು, ಇವರು ಹಿಂದೆ ಸರಿದು ಮತ್ತೆ ಅದೇ ಕಂಬಕ್ಕೆ ಒರಗುವುದು. ಜೀವಮಾನದಲ್ಲಿ ಯಾರ ಹತ್ತಿರವೂ ದಾರಿ ಕೇಳದ ಮನುಷ್ಯ. ನಾನು ಕರೆದರೆ ಕೇಳಿಸುತ್ತಿರಲಿಲ್ಲ. ಎದ್ದಾಗ ದಿಂಬು ಒದ್ದೆಯಾಗಿರುತ್ತಿತ್ತು.

ನಮ್ಮ ಅಯ್ಯನವರ ಹತ್ತಿರ ಹೋಗಿ ಹೇಳಿದೆ. ಸಭಾಪಾಲಕರು, ಓದಿದವರು, ಎರಡು ಡಿಗ್ರಿ.

“ಸುಶೀಲಮ್ಮ, ಊಟ ಆದ ತಕ್ಷಣ ಮಲಗ್ತೀರಾ?” ಎಂದರು.

“ಹೌದು ಅಯ್ಯನವರೇ.”

“ಅದೇ ಕಾರಣ ನೋಡಿ. ಕೆರೆ ಪಕ್ಕದಲ್ಲೇ ಇದೀರಾ, ಸ್ವಲ್ಪ ವಾಕ್ ಮಾಡಿ.”

ಬೈಬಲಿನಲ್ಲಿ ಯೋಸೇಫನಿಗೆ ಕನಸು ಬಿತ್ತು, ಫರೋಹನಿಗೆ ಬಿತ್ತು, ಜ್ಞಾನಿಗಳಿಗೆ ಬಿತ್ತು. ಯಾರೂ ಅವರಿಗೆ ವಾಕ್ ಮಾಡಲು ಹೇಳಿದ ಉಲ್ಲೇಖವಿಲ್ಲ. ಆದರೂ ಅಯ್ಯನವರ ಮಾತು ಎಂದು ನಡೆದೆ. ಕಾಲು ನೋವು ಬಂತು. ಜಯಕರ್ ಬಸ್ಸಿಗೆ ಕಾಯುತ್ತಲೇ ಇದ್ದರು.

ರಿಚರ್ಡ್ಸ್ ಟೌನ್

ಪರದೇಶಕ್ಕೆ ಹೋಗುವವರಿಗೆ ಅಲ್ಲಿ ಒಬ್ಬರು ಗೊತ್ತಿರಬೇಕು. ನನಗೆ ಫಿಲೋಮಿನಾ ಇದ್ದಳು. ನಮ್ಮ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು, ಹುಟ್ಟಿನಿಂದ ಕ್ಯಾಥೋಲಿಕ್, ಮನೆಮಾತು ತಮಿಳು. ರಿಚರ್ಡ್ಸ್ ಟೌನಿನ ಅವಳ ಮನೆಯಲ್ಲಿ ಗೋಡೆಗೆ ಸುಣ್ಣ ಹೊಡೆಯುವ ಅಗತ್ಯವಿಲ್ಲ, ಅಷ್ಟು ಸಂತರ ಪಟಗಳಿವೆ. ಒಂದು ಪಟದ ಹಿಂದಿನಿಂದ ಹಲ್ಲಿ ಇಣುಕುತ್ತಿತ್ತು. ಯಾವ ಸಂತನ ಆಶ್ರಯದಲ್ಲಿತ್ತೋ ಗೊತ್ತಿಲ್ಲ.

ನಾನು ಕನಸು ಹೇಳಿ ಮುಗಿಸುವ ಮೊದಲೇ ಅವಳು ಕಾಫಿ ಲೋಟ ಕೆಳಗಿಟ್ಟಳು.

“ಅವ್ರು ಪೂಜೆ ಕೇಳ್ತಿದಾರೆ ಸುಶೀಲಾ. ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?”

“ಪೂಜೆನಾ? ನಮ್ಮೋರಿಗಾ?”

“ನಿಮ್ಮೋರು ನಮ್ಮೋರು ಅಂತ ಮೇಲೆ ಇದ್ಯಾ? ಸತ್ಮೇಲೆ ನೇರ ಪರಲೋಕಕ್ಕೆ ಹೋಗೋಷ್ಟು ಚೊಕ್ಕ ಯಾರಿದಾರೆ ಮಾ? ಮಧ್ಯದಲ್ಲಿ ಶುದ್ಧೀಕರಣ ಸ್ಥಳ ಅಂತ ಇದೆ. ಅಲ್ಲಿ ಕಾಯ್ಬೇಕು. ಇಲ್ಲಿಂದ ನಾವು ಅವರ ಹೆಸ್ರಲ್ಲಿ ಬಲಿಪೂಜೆ ಕೊಡ್ಸಿದ್ರೆ ಬೇಗ ಹೋಗ್ತಾರೆ. ನಿಮ್ಮಲ್ಲಿ ಯಾರೂ ಕೊಡ್ಸಲ್ಲ. ಪಾಪ, ಹಾಗೇ ನಿಂತಿದಾರೆ.”

ಅಂಥ ಸ್ಥಳವೇ ಇಲ್ಲ ಎಂದು ಜಯಕರ್ ಜೀವನವಿಡೀ ವಾದಿಸಿದ್ದರು. ಅಲ್ಲಿಯೇ ಹೋಗಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದಾಗ ನನಗೆ ತಕ್ಷಣ ನಂಬಿಕೆ ಬಂತು. ಅವರ ಅದೃಷ್ಟವೇ ಹಾಗೆ. ಸಿಟಿ ಮಾರ್ಕೆಟ್ಟಿಗೆ ಬಸ್ಸಿಲ್ಲ ಎಂದು ಜಗಳವಾಡಿದ ದಿನವೇ ಆ ಬಸ್ಸು ಅವರ ಛತ್ರಿಗೆ ಉಜ್ಜಿಕೊಂಡು ಹೋಗಿತ್ತು.

ನಾನು ಕ್ಯಾಥೋಲಿಕ್ ಆಗದೆ ಪೂಜೆ ಕೊಡಿಸಲಾಗುವುದಿಲ್ಲ ಎಂದು ತೀರ್ಮಾನಿಸಿದವಳು ನಾನೇ. ಫಿಲೋಮಿನಾ ಹಾಗೆ ಹೇಳಲಿಲ್ಲ. ಹೇಳುವ ಅಗತ್ಯವೂ ನನಗೆ ಕಾಣಲಿಲ್ಲ. ನಮ್ಮ ಸಭೆಯಲ್ಲಿ ದೀಕ್ಷಾಸ್ನಾನವಿರಲಿ, ಮದುವೆಯಿರಲಿ, ಮಣ್ಣು ಮಾಡುವುದಿರಲಿ, ಕಮಿಟಿಯ ಮೊದಲ ಪ್ರಶ್ನೆ “ಮೆಂಬರಾ?” ಎಂಬುದೇ. ಮೆಂಬರಲ್ಲದವರಿಗೆ ಚರ್ಚಿನ ಕುರ್ಚಿ ಕೂಡ ಬಾಡಿಗೆಗೆ ಸಿಗುವುದಿಲ್ಲ. ಬೇರೆ ದೇಶದಲ್ಲಿ ಬೇರೆ ಕಾನೂನಿರಬಹುದು ಎಂಬುದು ಭೂಗೋಳದ ಮೇಡಂ ತಲೆಗೆ ಹೊಳೆಯಲಿಲ್ಲ.

“ಹಾಗಾದ್ರೆ ನಾನು ನಿಮ್ಮ ಕಡೆ ಸೇರ್ಕೊಂಡ್ಬಿಡ್ತೀನಿ” ಎಂದೆ.

ಫಿಲೋಮಿನಾ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಒಂದು ಎಚ್ಚರಿಕೆ ಕೊಟ್ಟಳು. “ಕನಸಿನ್ ವಿಷ್ಯ ಮಾತ್ರ ಫಾದರ್ ಹತ್ರ ಎತ್ತಬೇಡ. ಮಾತೆ ಕನಸಲ್ಲಿ ಬಂದ್ರು ಅಂತ ದಿನಾ ಯಾರಾದ್ರೂ ಬಂದು ತಲೆ ತಿಂತಾರೆ. ಅವ್ರಿಗೆ ಸಾಕಾಗಿದೆ.”

ಗಡಿಯಾಚೆ

ಮೊದಲ ಭಾನುವಾರ ಅವಳ ಜೊತೆ ಶಿವಾಜಿನಗರದ ಕಡೆಯ ಅವಳ ಚರ್ಚಿಗೆ ಹೋದೆ. ಗೇಟಿನ ಹೊರಗೆ ಗಡ್ಡದ ಸಾಬರೊಬ್ಬರು ಮೇಣದಬತ್ತಿ ಮಾರುತ್ತಿದ್ದರು. “ದೊಡ್ಡದು ತಗೊಳ್ಳಿ ಅಮ್ಮ, ಚಿಕ್ಕದು ಗಾಳಿಗೆ ಆರೋಗ್ತದೆ” ಎಂದರು. ತೆಗೆದುಕೊಂಡೆ. ಜಯಕರ್ ಎಲ್ಲಿಂದಾದರೂ ನೋಡುತ್ತಿದ್ದರೆ ಎಂದು ಹೆದರಿ ಅದನ್ನು ಬ್ಯಾಗಿನಲ್ಲಿ ಕೀರ್ತನೆ ಪುಸ್ತಕದ ಕೆಳಗೆ ಬಚ್ಚಿಟ್ಟೆ.

ಒಳಗೆ ಹೋಗುತ್ತಿದ್ದಂತೆ ಬಾಗಿಲಲ್ಲೇ ಸಣ್ಣ ಬೋಗುಣಿಯಲ್ಲಿ ನೀರು. ಎಲ್ಲರೂ ಬೆರಳ ತುದಿ ಅದ್ದಿ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾರೆ. ಎಡ ಭುಜ ಮೊದಲೋ ಬಲ ಭುಜ ಮೊದಲೋ ಎಂದು ನೋಡಿಕೊಳ್ಳುವಷ್ಟರಲ್ಲಿ ಹಿಂದಿನವರು ತಳ್ಳಿದರು. ನಾನು ಸೊಳ್ಳೆ ಓಡಿಸಿದ ಹಾಗೆ ಏನೋ ಮಾಡಿ ಮುಂದೆ ಹೋದೆ.

ಈ ದೇಶದ ಜನ ಕೂತಲ್ಲಿ ಕೂರುವುದಿಲ್ಲ. ಏಳುತ್ತಾರೆ, ಕೂರುತ್ತಾರೆ, ಮಂಡಿಯೂರುತ್ತಾರೆ, ಮತ್ತೆ ಏಳುತ್ತಾರೆ. ಪ್ರಾರ್ಥನೆಗೆ ಬಂದಿದ್ದೇನೋ ಶಾಲೆಯ ಡ್ರಿಲ್ಲಿಗೆ ಬಂದಿದ್ದೇನೋ ತಿಳಿಯಲಿಲ್ಲ. ನಮ್ಮಲ್ಲಿ ದೇವರು ನಮ್ಮ ಮಂಡಿಚಿಪ್ಪಿನ ಮೇಲೆ ಕರುಣೆ ಇಟ್ಟವನು. ಆದರೆ ಒಂದು ಮಾತು ಒಪ್ಪಲೇಬೇಕು, ಇಲ್ಲಿ ಪ್ರಸಂಗ, ಅಂದರೆ ಉಪದೇಶ, ಚಿಕ್ಕದು. ನಮ್ಮ ಅಯ್ಯನವರು ಪೀಠಿಕೆ ಮುಗಿಸುವಷ್ಟರಲ್ಲಿ ಇವರ ಫಾದರ್ ಪ್ರಸಂಗ ಮುಗಿಸಿ ಕೂತಿದ್ದರು. ಹಾಡು ಮಾತ್ರ ದೇವರೇ ಗತಿ. ಕೀಬೋರ್ಡಿನವನು ಒಂದು ಊರಿನಲ್ಲಿ, ಹಾಡುವವರು ಇನ್ನೊಂದು ಊರಿನಲ್ಲಿ. ನಮ್ಮ ಸಭೆಯವರು ಯಾರಾದರೂ ಕೇಳಿದ್ದರೆ ಅಲ್ಲೇ ಎದ್ದು ಆಲ್ಟೋ ಸ್ವರ ಸೇರಿಸುತ್ತಿದ್ದರು.

ಪಕ್ಕದ ಗೂಡಿನಲ್ಲಿ ಮಾತೆಯ ಪ್ರತಿಮೆ. ಅದಕ್ಕೆ ಸೀರೆ ಉಡಿಸಿದ್ದರು, ಬಾದಾಮಿ ಬಣ್ಣ, ಹಸಿರು ಅಂಚು, ನೆರಿಗೆ ಒಂದೂ ಹೆಚ್ಚುಕಡಿಮೆ ಇಲ್ಲ. ಪ್ರತಿಮೆಗೆ ಕೈ ಮುಗಿಯುವುದು ಪಾಪ ಎಂದು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆ. ಸೀರೆ ನೋಡುವುದು ಪಾಪ ಎಂದು ಯಾರೂ ಕಲಿಸಿರಲಿಲ್ಲ. ಬಹಳ ಹೊತ್ತು ನೋಡಿದೆ.

ಮಾನ ಹೋದದ್ದು ಕರ್ತನ ಪ್ರಾರ್ಥನೆಯಲ್ಲಿ. ಪರಲೋಕದಲ್ಲಿರುವ ತಂದೆಯೇ ಎಂದು ಎಲ್ಲರೂ ಶುರು ಮಾಡಿದಾಗ ನನಗೆ ಜೀವ ಬಂತು. ಇದೊಂದು ನಮ್ಮೂರಿನದು, ನಿದ್ದೆಯಲ್ಲೂ ಬರುತ್ತದೆ. ಈ ಜನಕ್ಕೆ ಪ್ರಾಟೆಸ್ಟಂಟ್ ಗಂಟಲು ಎಂಥದು ತೋರಿಸೋಣ ಎಂದು ದನಿ ಎತ್ತಿದೆ. ಕೇಡಿನಿಂದ ರಕ್ಷಿಸು ಎಂಬಲ್ಲಿಗೆ ಇಡೀ ಚರ್ಚು ಗಪ್ಪನೆ ನಿಂತಿತು. ನಾನು ನಿಲ್ಲಲಿಲ್ಲ. ನಮ್ಮಲ್ಲಿ ಉಸಿರು ಬಿಡದೆ ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದಕ್ಕೆ ಹೋಗುತ್ತೇವೆ. ಆ ನಿಶ್ಶಬ್ದದಲ್ಲಿ ರಾಜ್ಯವೂ ನನ್ನೊಬ್ಬಳದೇ, ಬಲವೂ ನನ್ನೊಬ್ಬಳದೇ. ಮುಂದಿನ ಮೂರು ಸಾಲಿನವರು ತಿರುಗಿ ನೋಡಿದರು. ಫಾದರ್ ತಲೆಯೆತ್ತಿ, ನಾನು ಮುಗಿಸುವ ತನಕ ಮರ್ಯಾದೆಯಿಂದ ಕಾದರು.

“ಅಲ್ಲಿ ನಿಲ್ಲಿಸ್ಬೇಕು ಮಾ” ಎಂದು ಫಿಲೋಮಿನಾ ಕಿವಿಯಲ್ಲಿ ಹೇಳಿದಳು. “ಫಾದರ್ ಒಂದು ಪ್ರಾರ್ಥನೆ ಹೇಳ್ತಾರೆ. ಆಮೇಲೆ ನಾವು ಅದನ್ನ ಹೇಳೋದು.”

ಮುಂದಿನ ವಾರಗಳಲ್ಲಿ ನಿಲ್ಲುವುದನ್ನು ಕಲಿತೆ. ಆದರೆ ಇಷ್ಟು ವರ್ಷ ಓಡಿದ ಬಾಯಿ ಸುಮ್ಮನಿರಲಿಲ್ಲ. ಆ ಖಾಲಿ ಜಾಗದಲ್ಲಿ ಏನಾದರೂ ಹಾಕಬೇಕಲ್ಲ ಎಂದು ಯಾರಿಗೂ ಕೇಳಿಸದ ಹಾಗೆ “ಜಯಕರ್” ಎನ್ನತೊಡಗಿದೆ.

ಬುಧವಾರಗಳು

ಪೌರತ್ವ ಬೇಕಾದವರಿಗೆ ಬುಧವಾರ ಸಂಜೆ ಪಾಠ. ಪಾಠ ಹೇಳುವ ಫಾದರ್ ನನ್ನ ವಿದ್ಯಾರ್ಥಿಯಾಗಬಹುದಾದಷ್ಟು ಚಿಕ್ಕವರು, ಹಾಸನದ ಕಡೆಯವರು. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಮೊದಲು ಕನ್ನಡಕ ಒರೆಸುತ್ತಿದ್ದರು. ಕಷ್ಟದ ಪ್ರಶ್ನೆಯಾದರೆ ಎರಡು ಸಲ.

ನನ್ನ ಜೊತೆ ಇನ್ನೂ ಕೆಲವರಿದ್ದರು. ಮೊದಲ ದಿನ ಒಬ್ಬೊಬ್ಬರೂ ಯಾಕೆ ಬಂದರು ಎಂದು ಹೇಳಬೇಕಾಯಿತು. ಕಮ್ಮನಹಳ್ಳಿಯ ಹೆಂಗಸೊಬ್ಬಳ ಕನಸಿನಲ್ಲಿ ಮಾತೆ ನೀಲಿ ಬೆಳಕಿನಲ್ಲಿ ಇಳಿದು ಬಂದು ಹೆಸರು ಹಿಡಿದು ಕರೆದಿದ್ದರಂತೆ. ಇನ್ನೊಬ್ಬರಿಗೆ ಗುಲಾಬಿ ಹೂವಿನ ಮಳೆ. ಮತ್ತೊಬ್ಬರಿಗೆ ಚಿನ್ನದ ಮೆಟ್ಟಿಲು. ಫಾದರ್ ಪ್ರತಿ ಕನಸಿಗೂ “ಒಳ್ಳೇದು, ದೇವರಿಗೆ ಸ್ತೋತ್ರ” ಎಂದು ಕನ್ನಡಕ ಒರೆಸಿಕೊಂಡರು. ನನ್ನ ಕನಸಿನಲ್ಲಿ ಬೆಳಕಿಲ್ಲ, ಹೂವಿಲ್ಲ, ಸಿಟಿ ಬಸ್ಸಿನ ಹೊಗೆ ಮಾತ್ರ. ಇಂಥ ಸಾಮಾನು ಹಿಡಿದುಕೊಂಡು ಯಾವ ಮುಖದಲ್ಲಿ ಎದ್ದು ನಿಲ್ಲುವುದು?

“ನೀವ್ಯಾಕೆ ಬಂದ್ರಿ ಅಮ್ಮ?” ಎಂದು ಫಾದರ್ ಕೇಳಿದರು.

“ಸತ್ಯ ಹುಡುಕ್ಕೊಂಡು ಬಂದೆ ಫಾದರ್” ಎಂದೆ. ಅದು ಶುದ್ಧ ಸುಳ್ಳು.

ಪಾಠಗಳು ನಡೆದವು. ಜಪಸರದ ಮಣಿ ಎಣಿಸುವುದನ್ನು ಕಲಿತೆ. ಮೊದಮೊದಲು ಇದೆಂಥ ಮಗ್ಗಿ ಎನ್ನಿಸಿತು. ಆಮೇಲೆ ಆಟೋದಲ್ಲಿ, ಸಿಗ್ನಲ್ಲಿನಲ್ಲಿ, ಸಾರಿಗೆ ಒಗ್ಗರಣೆ ಹಾಕುವಾಗ ತುಟಿ ತಾನಾಗಿ ಅಲ್ಲಾಡತೊಡಗಿತು. ನಮ್ಮ ಕಡೆ ಪ್ರಾರ್ಥನೆ ಮಾಡಬೇಕೆಂದರೆ ಮಾತು ಹೊಸದಾಗಿ ಹುಡುಕಬೇಕು. ಗಂಡ ಸತ್ತವಳ ಹತ್ತಿರ ಹೊಸ ಮಾತು ಎಲ್ಲಿರುತ್ತದೆ? ಇಲ್ಲಿ ಯಾರೋ ಮಾಡಿಟ್ಟ ಮಾತು ಇತ್ತು, ಹಾಕಿಕೊಂಡರೆ ಆಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಫಿಲೋಮಿನಾಗೂ ಹೇಳಲಿಲ್ಲ. ಬೀಗುತ್ತಾಳೆ.

ಕೆ.ಆರ್. ಪುರಂ ದಾಟಿ

ಸುದ್ದಿ ಹಲಸೂರಿಗೆ ಮುಟ್ಟಿತು. ನನ್ನ ಮೈದುನ ದಾನಿಯೇಲ ಮನೆಗೆ ಬಂದು, ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತ. ಮದುವೆಯಾಗದವನು, ನಮ್ಮ ಸಭೆಯ ಸಮಾಧಿ ತೋಟದ ಕಮಿಟಿಗೆ ಕಾರ್ಯದರ್ಶಿ. ಬದುಕಿರುವವರ ಜೊತೆ ಅವನಿಗೆ ಅಷ್ಟಾಗಿ ಹೊಂದಿಕೆಯಿಲ್ಲ.

“ಅತ್ತಿಗೆ, ಆ ಕಡೆ ಹೋಗ್ತಿದೀರಂತೆ.”

“ಹೌದು ದಾನಿ.”

“ರೂಲ್ ಗೊತ್ತಲ್ಲ ನಿಮಗೆ?”

ಗೊತ್ತಿತ್ತು. ನಮ್ಮ ಸಮಾಧಿ ತೋಟ ಕೆ.ಆರ್. ಪುರಂ ದಾಟಿ ಸ್ವಲ್ಪ ಮುಂದೆ ಇದೆ. ಜಾಗ ಕಡಿಮೆಯಾದ್ದರಿಂದ ಗಂಡ ಹೆಂಡತಿಗೆ ಒಂದೇ ಗುಂಡಿ. ಮೊದಲು ಹೋದವರನ್ನು ಆಳದಲ್ಲಿ ಮಲಗಿಸಿ ಮೇಲೆ ಚಪ್ಪಡಿ ಹಾಕುತ್ತಾರೆ. ಆಮೇಲೆ ಬರುವವರಿಗೆ ಮೇಲಂತಸ್ತು. ಜಯಕರ್ ತಲೆಯ ಬಳಿಯ ಕಲ್ಲಿನಲ್ಲಿ ಅರ್ಧಕ್ಕೆ ಮಾತ್ರ ಅಕ್ಷರಗಳಿವೆ. ಉಳಿದರ್ಧ ನನಗೆ. ಅಲ್ಲಿಗೆ ಹೋದಾಗಲೆಲ್ಲ ಸೆರಗಿನಿಂದ ಆ ಖಾಲಿ ಅರ್ಧವನ್ನೂ ಒರೆಸಿ ಬರುತ್ತಿದ್ದೆ. ಮನೆ ನಮ್ಮದು ಅನ್ನಿಸುವುದಕ್ಕೆ ಒರೆಸಬೇಕು ತಾನೇ?

“ಮೆಂಬರ್ ಅಲ್ಲದೋರ್ನ ಅಲ್ಲಿ ಹಾಕೋ ಹಾಗಿಲ್ಲ ಅತ್ತಿಗೆ. ನಾನೇ ಸಹಿ ಮಾಡಿರೋ ರೂಲು. ನಿಮಗೆ ಒಂದು ಬೇರೆಯೋರಿಗೆ ಒಂದು ಅಂತ ಮಾಡೋಕಾಗಲ್ಲ. ಅಣ್ಣನ ಮೇಲಿನ ಜಾಗ ಬೇರೆ ಯಾರಿಗಾದ್ರೂ ಕೊಡ್ಬೇಕಾಗುತ್ತೆ.”

ಅವನು ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಜಯಕರ್ ಅವರನ್ನು ಕಳಿಸಬೇಕೆಂದರೆ ಅವರ ಮೇಲಿನ ಜಾಗ ಬಿಡಬೇಕು. ಜಾಗ ಹಿಡಿದುಕೊಂಡು ಕೂತರೆ ಅವರು ಆ ಕಂಬಕ್ಕೆ ಒರಗಿ ನಿಂತೇ ಇರುತ್ತಾರೆ. ಯಾವುದೋ ಕಾಂತಮ್ಮನೋ ರಾಜಮ್ಮನೋ ನನ್ನ ಗಂಡನ ಮೇಲೆ ಬಂದು ಮಲಗುವುದನ್ನು ನೆನೆದು ಮೈ ಉರಿಯಿತು. ಆದರೂ ಮುಂದಿನ ಬುಧವಾರ ಪಾಠಕ್ಕೆ ಹೋದೆ. ನೆಲದಡಿಯಲ್ಲಿ ಬೇರೆಲ್ಲೋ ಒಬ್ಬಳೇ ಮಲಗುವುದನ್ನು ಸಹಿಸಿಕೊಂಡೇನು. ಅವರು ಬಸ್ ನಿಲ್ದಾಣದಲ್ಲಿ ಕಾಯುವುದನ್ನು ನೋಡಲು ಆಗುತ್ತಿರಲಿಲ್ಲ.

ಪಾಪನಿವೇದನೆ

ಸೇರುವ ಮೊದಲು ಪಾಪನಿವೇದನೆ ಆಗಬೇಕು. ಮರದ ಪೆಟ್ಟಿಗೆಯಂಥ ಗೂಡು, ನಡುವೆ ಜಾಲರಿ, ಆಚೆ ಫಾದರ್. ನಮ್ಮಲ್ಲಿ ಪಾಪವನ್ನು ನೇರ ದೇವರಿಗೆ ಹೇಳುತ್ತೇವೆ. ಅವನು ತಿರುಗಿ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ಬಹಳ ಅನುಕೂಲ.

ಮಂಡಿಯೂರಿ ಶುರು ಮಾಡಿದೆ. ದಾನಿಯೇಲ ಬಾಗಿಲಲ್ಲಿ ನಿಂತು ರೂಲು ಹೇಳಿದ್ದು, ಅಯ್ಯನವರು ವಾಕ್ ಮಾಡಲು ಹೇಳಿದ್ದು, ಎದುರು ಮನೆಯವಳು ಕಸವನ್ನು ನಮ್ಮ ಗೇಟಿನ ಹತ್ತಿರ ಗುಡಿಸುವುದು, ಎಲ್ಲ ಹೇಳಿದೆ.

“ಅಮ್ಮ,” ಎಂದು ಜಾಲರಿಯಾಚೆಯಿಂದ ದನಿ ಬಂತು, “ಇವೆಲ್ಲಾ ಅವರವರ ಪಾಪ. ನಿಮ್ಮದು ಏನಾದ್ರೂ ಇದ್ರೆ ಹೇಳಿ.”

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. “ಸುಳ್ಳು ಹೇಳಿದ್ದೀನಿ ಫಾದರ್. ನಾನು ಸತ್ಯ ಹುಡುಕ್ಕೊಂಡು ಬಂದೋಳಲ್ಲ. ನಮ್ಮನೆಯೋರು ದಿನಾ ಮಧ್ಯಾಹ್ನ ಕನಸಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತಾರೆ. ಯಾವ ಬಸ್ಸೂ ಹತ್ತಿಸ್ಕೊಳಲ್ಲ. ಅವರ ಹೆಸ್ರಲ್ಲಿ ಒಂದು ಪೂಜೆ ಆಗ್ಬೇಕು. ಅದಕ್ಕೋಸ್ಕರ ಸೇರ್ತಿದೀನಿ. ನಮ್ಮ ತೋಟದಲ್ಲಿ ಅವರ ಮೇಲಿದ್ದ ಜಾಗಾನೂ ಬಿಟ್ಕೊಡ್ತಿದೀನಿ.”

ಜಾಲರಿಯಾಚೆ ಬಟ್ಟೆ ಉಜ್ಜುವ ಸದ್ದು. ಕನ್ನಡಕ ಒರೆಸುತ್ತಿದ್ದಾರೆ ಎಂದು ಗೊತ್ತಾಯಿತು.

“ಅಮ್ಮ, ಪೂಜೆ ಕೊಡ್ಸೋಕೆ ನೀವು ಕ್ಯಾಥೋಲಿಕ್ ಆಗ್ಬೇಕು ಅಂತ ಯಾರ್ ಹೇಳಿದ್ರು?”

“ಮತ್ತೆ ಆಗ್ಬೇಕಲ್ವಾ?”

“ಬೇಡಮ್ಮ. ನೀವೂ ಆಗ್ಬೇಕಿಲ್ಲ, ಅವರೂ ಆಗಿರ್ಬೇಕಿಲ್ಲ. ಸತ್ತವರು ಯಾರೇ ಆಗಿದ್ರೂ ಅವರಿಗೋಸ್ಕರ ಪ್ರಾರ್ಥನೆ ಮಾಡ್ಬೋದು. ಮೊದಲನೇ ದಿನ ಬಂದು ಹೆಸರು ಹೇಳಿದ್ರೆ ಮಾರನೇ ದಿನಾನೇ ಆಗೋಗ್ತಿತ್ತು.”

ಇಷ್ಟು ತಿಂಗಳು ಮಂಡಿ ಸವೆಸಿ, ಸಂತರ ಹೆಸರು ಬಾಯಿಪಾಠ ಮಾಡಿ, ಮೈದುನನ ಹತ್ತಿರ ಜಗಳ ಕಟ್ಟಿಕೊಂಡು, ಕೊನೆಗೆ ವೀಸಾ ಬೇಡದ ದೇಶಕ್ಕೆ ಪೌರತ್ವದ ಅರ್ಜಿ ಹಾಕಿದ್ದೆ. ಭೂಗೋಳದ ಮೇಡಂ.

“ನಾಳೆ ಬೆಳಗ್ಗೆ ಪೂಜೇಲಿ ಅವರ ಹೆಸರು ಹೇಳ್ತೀನಿ” ಎಂದರು ಫಾದರ್. “ಸೇರೋ ವಿಷ್ಯ ಆಮೇಲೆ ಯೋಚ್ನೆ ಮಾಡಿ. ಸೇರೋದಾದ್ರೆ ನಿಮಗೋಸ್ಕರ ಸೇರಿ. ಅವರಿಗೋಸ್ಕರ ಬೇಡ.”

ಬಸ್ಸು

ಬೆಳಗಿನ ಪೂಜೆಗೆ ಹೆಚ್ಚು ಜನರಿರಲಿಲ್ಲ. ಫಾದರ್ ಗಟ್ಟಿಯಾಗಿ, ಸ್ಪಷ್ಟವಾಗಿ “ಮೃತರಾದ ಜಯಕರ್” ಎಂದರು. ವರ್ಷಕ್ಕೂ ಹೆಚ್ಚು ಕಾಲದಿಂದ ಯಾವ ಚರ್ಚಿನಲ್ಲೂ ಯಾರ ಬಾಯಲ್ಲೂ ಕೇಳದ ಹೆಸರು. ನಾನು ಮುಂದಿನ ಬೆಂಚನ್ನು ಹಿಡಿದುಕೊಂಡೆ. ಮೇಣದಬತ್ತಿ ಕಂಪನಿಯವರು ನನ್ನ ಗಂಡನ ಹೆಸರನ್ನು ದೇವರ ಮುಂದೆ ಇಟ್ಟಿದ್ದರು. ನಮ್ಮವರು ಫೈಲು ಮುಚ್ಚಿದ್ದರು.

ಅವತ್ತು ಮಧ್ಯಾಹ್ನ ಬೇಗ ಊಟ ಮಾಡಿ ಬೇಕೆಂದೇ ಮಲಗಿದೆ. ಜಯಕರ್ ಇದ್ದರು, ಅದೇ ಕೋಟು, ಅದೇ ಛತ್ರಿ. ಬಸ್ಸೊಂದು ಬಂತು. ಈ ಸಲ ಅವರು ಕಂಡಕ್ಟರನನ್ನು ಏನೂ ಕೇಳಲಿಲ್ಲ. ಅವನೇ ಬಾಗಿಲು ಬಿಟ್ಟು ಸರಿದ. ಇವರು ಹತ್ತಿದರು, ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಛತ್ರಿಯನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡರು. ನಾನು ಕೂಗಿದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಇವರು ಒಂದು ಸಲವೂ ತಿರುಗಿ ನೋಡಲಿಲ್ಲ. ಹೋಗಿ ಬರುತ್ತೇನೆ ಎಂದು ಕೈ ಆಡಿಸಲಿಲ್ಲ. ಆಫೀಸಿಗೆ ಹೊರಡುವಾಗಲೂ ಹಾಗೆಯೇ ಇದ್ದರು.

ಆ ಮೇಲೆ ಅವರು ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ, ಬೇರೆ ಹೊತ್ತಿನಲ್ಲೂ ಬರಲಿಲ್ಲ. ಊಟ ಮಾಡಿದ ತಕ್ಷಣ ಮಲಗಿ ನೋಡಿದೆ, ಎರಡು ಸೌಟು ಹೆಚ್ಚು ಉಂಡು ಮಲಗಿ ನೋಡಿದೆ. ಕೆಲಸ ಆಯಿತಲ್ಲ, ನಾನು ಬಯಸಿದ್ದೂ ಇದೇ ಅಲ್ಲವೇ? ಆದರೆ ಅವರು ಆ ಕಂಬಕ್ಕೆ ಒರಗಿ ನಿಂತಿದ್ದಷ್ಟು ದಿನ ದಿನಕ್ಕೊಮ್ಮೆ ಅವರ ಮುಖ ನೋಡುತ್ತಿದ್ದೆ. ಈಗ ಅದೂ ಇಲ್ಲ. ಅವರನ್ನು ಕಳೆದುಕೊಂಡದ್ದು ಎರಡನೆಯ ಸಲ, ಈ ಬಾರಿ ನಾನೇ ಓಡಾಡಿ ಕಳಿಸಿಕೊಟ್ಟು.

ಮತ್ತೆ ಹಲಸೂರು

ಕೆಲಸ ಮುಗಿದ ಮೇಲೆ ಪ್ರವಾಸಿಗರು ಊರಿಗೆ ಮರಳಬೇಕು. ಭಾನುವಾರ ನಮ್ಮ ಸಭೆಗೆ ಹೋಗಿ ಹಳೆಯ ಬೆಂಚಿನಲ್ಲಿ ದಾನಿಯೇಲನ ಪಕ್ಕ ಕೂತೆ. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಎಲ್ಲ ತಿಳಿದಿರುವಷ್ಟು ಪ್ರೀತಿಯಿಂದ ನಕ್ಕರು. ಹಾಡು ಶುರುವಾಯಿತು, ನಾಲ್ಕು ಸ್ವರ, ಒಂದೂ ಜಾರಲಿಲ್ಲ. ಊರಿನ ನೀರು ಕುಡಿದ ಹಾಗಾಯಿತು. ಗುಂಡಿಯೂ ಉಳಿಯಿತು, ಗಂಡನಿಗೂ ಬಸ್ಸು ಸಿಕ್ಕಿತು, ನಾನೂ ಜಾಣೆ ಎಂದುಕೊಂಡೆ.

ಪ್ರಸಂಗ ಉದ್ದವಾಗಿಯೇ ಇತ್ತು. ಆಮೇಲೆ ಕರ್ತನ ಪ್ರಾರ್ಥನೆ. ಎಲ್ಲರ ಜೊತೆ ಹೇಳುತ್ತಾ ಹೋದೆ. ಕೇಡಿನಿಂದ ರಕ್ಷಿಸು ಎಂಬಲ್ಲಿ ನನ್ನ ಬಾಯಿ ನಿಂತುಬಿಟ್ಟಿತು. ಇಡೀ ಸಭೆ ರಾಜ್ಯವನ್ನೂ ಬಲವನ್ನೂ ಎತ್ತಿಕೊಂಡು ಮುಂದೆ ಹೋಯಿತು. ನಾನೊಬ್ಬಳು ಹಿಂದೆ ಉಳಿದು “ಜಯಕರ್” ಎಂದೆ.

ದಾನಿಯೇಲ ಕಣ್ಣು ತೆರೆದ. ಅಣ್ಣನ ಹೆಸರು ಅವನಿಗೆ ಕೇಳಿಸಿತ್ತು.

ಟಿನ್ ಫ್ಯಾಕ್ಟರಿ ಮತ್ತು ಮುಂದೆ

ಆರಾಧನೆ ಮುಗಿದ ಮೇಲೆ ಅವನು ಸಮಾಧಿ ತೋಟಕ್ಕೆ ಹೋಗೋಣ ಎಂದ. ಅವನ ಹಳೆಯ ಕಾರಿನಲ್ಲಿ ಹೊರಟೆವು. ಟಿನ್ ಫ್ಯಾಕ್ಟರಿ ಹತ್ತಿರ ಯಥಾಪ್ರಕಾರ ಗಾಡಿಗಳೆಲ್ಲ ನಿಂತಿದ್ದವು. ಜಯಕರ್ ಅವರ ಶವದ ಗಾಡಿಯೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು. ಎಲ್ಲಿಗೂ ತಡವಾಗಿ ಹೋಗದ ಮನುಷ್ಯ ತನ್ನ ಮಣ್ಣಿಗೆ ತಡವಾಗಿ ಹೋದರು.

“ಇನ್ನೂ ಸೇರಿಲ್ವಲ್ಲ ಅತ್ತಿಗೆ?” ಎಂದು ದಾನಿಯೇಲ ಸ್ಟೀರಿಂಗ್ ನೋಡುತ್ತಾ ಕೇಳಿದ. “ವಾಪಸ್ ಬಂದ್ಬಿಡಿ. ಕಮಿಟೀಲಿ ನಾನ್ ಮಾತಾಡ್ತೀನಿ. ಏನೂ ಆಗಿಲ್ಲ ಅಂದ್ಕೊಳೋಣ.”

“ಬರೋಕೇ ಬಂದಿದ್ದೆ ದಾನಿ. ಆಗ್ತಿಲ್ಲ. ಅಲ್ಲಿ ನಿಮ್ಮಣ್ಣನ ಹೆಸರು ಹೇಳ್ಬೋದು. ಇಲ್ಲಿ ಹೇಳಿದ್ರೆ ನೀನೇ ಕಣ್ ಬಿಟ್ಟು ನೋಡ್ತೀಯ.”

ಹಿಂದಿನ ಲಾರಿಯವನು ಹಾರ್ನ್ ಹೊಡೆದ.

“ಈಗ ಅವರಿಗೋಸ್ಕರ ಅಲ್ಲ” ಎಂದೆ. “ಅವರು ಮುಟ್ಟಿದ್ರು. ನಂಗೆ ಬೇಕು. ಆ ಜಾಗ ಯಾರಿಗಾದ್ರೂ ಕೊಟ್ಬಿಡು.”

ತೋಟದಲ್ಲಿ ಬಿಸಿಲಿತ್ತು. ಕಲ್ಲಿನ ಮೇಲೆ ಬಿದ್ದಿದ್ದ ಒಣಗಿದ ಎಲೆ ತೆಗೆದು, ಸೆರಗಿನಿಂದ ಅವರ ಅರ್ಧವನ್ನು ಒರೆಸಿದೆ. ಅಭ್ಯಾಸಬಲದಿಂದ ನನ್ನ ಅರ್ಧವನ್ನೂ ಒರೆಸಿದೆ. ಕಲ್ಲು ಸುಡುತ್ತಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಬ್ಯಾಗಿನಿಂದ ಮೇಣದಬತ್ತಿ ತೆಗೆದು ಹಚ್ಚಿದೆ, ದೊಡ್ಡದೇ. ಪ್ರಾಟೆಸ್ಟಂಟ್ ತೋಟದಲ್ಲಿ ಬತ್ತಿ ಹಚ್ಚುವ ಹಾಗಿಲ್ಲ. ಅದಕ್ಕೂ ಒಂದು ರೂಲಿದೆ, ಅದಕ್ಕೂ ಸಹಿ ದಾನಿಯೇಲನದೇ. ಅವನು ಗಾಳಿಗೆ ಅಡ್ಡವಾಗಿ ಬಂದು ನಿಂತ.

“ಬೇರೆ ಯಾರಿಗೂ ಕೊಡಲ್ಲ ಅತ್ತಿಗೆ,” ಎಂದ. “ಹೊರಗಿನೋರ್ನ ಅಣ್ಣನ ಮೇಲೆ ಹೇಗ್ ಮಲಗ್ಸೋದು? ನಂಗೂ ಯಾರಿಲ್ಲ. ಮದ್ವೆ ಆಗದೋರಿಗೆ ಅಲ್ಲಿ ಗೋಡೆ ಪಕ್ಕ ಕೊಡ್ತಾರೆ, ಮೋರಿ ಹತ್ರ. ನಾನೇ ಇಲ್ಲಿ ಬರ್ತೀನಿ.”

ಮೊದಲಿನಿಂದಲೂ ಇವನಿಗೆ ಈ ಜಾಗದ ಮೇಲೆ ಕಣ್ಣಿತ್ತೋ ಏನೋ ಎಂದು ಒಂದು ಕ್ಷಣ ಅನುಮಾನಪಟ್ಟೆ. ಆಮೇಲೆ ಅವನ ಮುಖ ನೋಡಿದೆ. ಅಣ್ಣ ಸತ್ತ ದಿನವೂ ಅಳದ ದಾನಿಯೇಲ ಅಳುತ್ತಿದ್ದ.

ಮಾರನೆಯ ದಿನ ಬೆಳಗಿನ ಪೂಜೆಗೆ ಮೊದಲು ಫಾದರ್ ಹತ್ತಿರ ಹೋಗಿ, ಜಯಕರ್ ಬಸ್ಸು ಹತ್ತಿ ಹೋದದ್ದನ್ನು ಹೇಳಿ, ಸೇರುತ್ತೇನೆ ಎಂದೆ. ಅವರು ಸಂತೋಷಪಟ್ಟು ಕನ್ನಡಕ ತೆಗೆದರು. ಇವತ್ತಿನ ಪೂಜೆಯಲ್ಲಿ ಜಯಕರ್ ಹೆಸರು ಇನ್ನೊಂದು ಸಲ ಹೇಳಬೇಕು ಎಂದೆ.

“ಅವರು ಹೋದ್ರು ಅಂದ್ರಲ್ಲಮ್ಮ?”

“ಹೋದ್ರು ಫಾದರ್. ಇದು ಅವರ ನಿದ್ದೆಗೆ. ಚಿಕ್ಕಂದಿನಲ್ಲಿ ಅಣ್ಣ ತಮ್ಮ ಒಂದೇ ರೂಮಲ್ಲಿ ಮಲಗ್ತಿದ್ರಂತೆ, ತಮ್ಮನ ಗೊರಕೆ ತಡೆಯೋಕಾಗದೆ ಎದ್ದು ಜಗಲಿಗೆ ಹೋಗ್ತಿದ್ರಂತೆ. ಮುಂದೆ ಆ ತಮ್ಮನೇ ಮೇಲೆ ಬಂದು ಮಲಗ್ತಾನಂತೆ, ಎದ್ದು ಹೋಗೋ ಹಾಗೂ ಇಲ್ಲ.”